ಫೋನು, ವಿಡಿಯೋ ಕಾಲ್ ಎಲ್ಲ ಇರುವಾಗ ಹತ್ತಿರ ಇರುವುದು ಅಷ್ಟು ಮುಖ್ಯವಾ?

ಖಂಡಿತ ಮುಖ್ಯ. ಸಮುದ್ರದ ಉಬ್ಬರವಿಳಿತವನ್ನೇ ನೋಡಿ. ಸೂರ್ಯ ಚಂದ್ರನಿಗಿಂತ ಸುಮಾರು 2.7 ಕೋಟಿ ಪಟ್ಟು ಭಾರ. ಆದರೂ ನೀರನ್ನು ಏರಿಸಿ ಇಳಿಸುವುದರಲ್ಲಿ ಚಂದ್ರನ ಪಾಲು ಸೂರ್ಯನ ಎರಡು ಪಟ್ಟಿಗಿಂತ ಜಾಸ್ತಿ. ಅವನು ಹತ್ತಿರ ಇದ್ದಾನೆ, ಅಷ್ಟೇ ಕಾರಣ. ನೀರನ್ನು ಏರಿಸಿ ಇಳಿಸುವ ಈ ಬಲ ಹೇಗೆ ಕುಗ್ಗುತ್ತದೆ ಅಂದರೆ, ದೂರ ಎರಡು ಪಟ್ಟಾದರೆ ಎಂಟನೇ ಒಂದು ಪಾಲು ಮಾತ್ರ ಉಳಿಯುತ್ತದೆ.

ನನ್ನ ಮನಸ್ಸಿಗೆ ಹೆಚ್ಚು ತಟ್ಟಿದ್ದು ಕೊಲಂಬಿಯಾದ ಬೊಗೋಟಾದಲ್ಲಿ ನಡೆದದ್ದು. 1978ರಲ್ಲಿ ಅಲ್ಲಿನ ಆಸ್ಪತ್ರೆಯಲ್ಲಿ ಕೂಸುಗಳನ್ನು ಬೆಚ್ಚಗಿಡುವ ಯಂತ್ರಗಳಾದ ಇನ್‌ಕ್ಯುಬೇಟರ್‌ಗಳು ಸಾಲುತ್ತಿರಲಿಲ್ಲ. ಡಾಕ್ಟರ್ ಎಡ್ಗರ್ ರೇ, ತಿಂಗಳು ತುಂಬದೆ ಹುಟ್ಟಿದ ಕೂಸುಗಳನ್ನು ತಾಯಿಯ ಎದೆಗೆ ಮೈಗೆ ಮೈ ತಾಗುವಂತೆ ಕಟ್ಟಿಸಿದರು. ತಾಯಿಯ ಮೈಶಾಖವೇ ಕೂಸನ್ನು ಬೆಚ್ಚಗಿಡುತ್ತದೆ. ಉಸಿರಾಟ, ಎದೆಬಡಿತ ಹದಕ್ಕೆ ಬರುತ್ತವೆ. ಮೊಲೆಹಾಲು ಕುಡಿಸುವುದೂ ಸುಲಭ. ದುಡ್ಡು ಸುರಿದು ಕೊಳ್ಳಬೇಕಾದ ಯಂತ್ರವಲ್ಲ ಇದು, ಅಮ್ಮನ ಮೈ! ಈಗ ವಿಶ್ವ ಆರೋಗ್ಯ ಸಂಸ್ಥೆಯೇ ಇಂಥ ಕೂಸುಗಳಿಗೆ ಹುಟ್ಟಿದ ಕೂಡಲೇ ಇದನ್ನು ಶುರು ಮಾಡಿ, ದಿನಕ್ಕೆ 8ರಿಂದ 24 ಗಂಟೆ ಮಾಡಿ ಎನ್ನುತ್ತದೆ.

ಕೆಲಸದ ಜಾಗದಲ್ಲೂ ಹಾಗೆಯೇ. ಅಮೆರಿಕದ ಎಂಐಟಿ ವಿಶ್ವವಿದ್ಯಾಲಯದ ಥಾಮಸ್ ಆಲನ್ 1970ರ ದಶಕದಲ್ಲಿ ಎಂಜಿನಿಯರುಗಳನ್ನು ಗಮನಿಸಿದಾಗ, ಮೇಜುಗಳ ನಡುವೆ 50 ಮೀಟರ್ ಆಗುವ ಹೊತ್ತಿಗೆ ಕೆಲಸದ ಮಾತುಕತೆ ತೀರಾ ಕಮ್ಮಿಯಾಗಿತ್ತು.