ತವರುಮನೆಯನ್ನು ಕೀಳಬೇಡಿ

ದಾವಣಗೆರೆಯ ಓದುಗರೊಬ್ಬರ ಪತ್ರ: ‘ಹೊಸ ಬಡಾವಣೆಯಲ್ಲಿ ಮನೆ ಕಟ್ಟಿದ್ದೇವೆ. ಕಾಂಪೌಂಡ್ ಪಕ್ಕ ತಾನಾಗೇ ತಂಗಡಿ ಗಿಡ ಎದ್ದಿದೆ. ಹೂವೇನೋ ಚೆನ್ನ, ಎಲೆ ತುಂಬಾ ಹಸಿರು ಹುಳು. ಕಿತ್ತು ಡ್ಯುರಾಂಟಾ ಅನ್ನೋ ಅಲಂಕಾರದ ಗಿಡ ಹಾಕಿ ಅಂತಾರೆ ನರ್ಸರಿಯವರು. ಏನು ಮಾಡಲಿ?’

ಕೀಳಬೇಡಿ ಸ್ವಾಮಿ. ಔಷಧಿಯನ್ನೂ ಹೊಡೆಯಬೇಡಿ. ಆ ಹುಳುಗಳೇ ನಾಳೆ ತಿಳಿಹಳದಿ ಚಿಟ್ಟೆಗಳಾಗಿ ನಿಮ್ಮ ಅಂಗಳದಲ್ಲಿ ಹಾರುವುದು. ತಿಂದ ಎಲೆ ಮತ್ತೆ ಚಿಗುರುತ್ತದೆ.

ಡ್ಯುರಾಂಟಾ ಕೆಟ್ಟದ್ದು ಅನ್ನುತ್ತಿಲ್ಲ. ಹೇಳಿದಂತೆ ಕತ್ತರಿಸಿಕೊಳ್ಳುತ್ತದೆ, ಹೂಬಿಟ್ಟರೆ ಚಿಟ್ಟೆಗಳೂ ಬರುತ್ತವೆ. ಆದರೆ ಅಮೆರಿಕದ ಕಡೆಯಿಂದ ಬಂದ ಆ ಗಿಡ ಈ ಚಿಟ್ಟೆಗಳಿಗೆ ಬರೀ ಖಾನಾವಳಿ. ಮೊಟ್ಟೆಯಿಡಲು ತಂಗಡಿ ತವರುಮನೆ. ಬಾಣಂತನಕ್ಕೆ ಖಾನಾವಳಿಗೆ ಹೋಗಕ್ಕಾಗುತ್ತಾ? (ಡ್ಯುರಾಂಟಾ ಹಣ್ಣು ವಿಷ. ಮನೇಲಿ ಮಕ್ಕಳಿದ್ದರೆ ಹುಷಾರು.)

ಒಂದು ಬೆಳಿಗ್ಗೆ ತಂಗಡಿ ಗಿಡದ ಹತ್ತಿರ ಸುಮ್ನೆ ನಿಂತು ನೋಡಿ. ಈ ಹೂವಲ್ಲಿ ಮಕರಂದವೇ ಇಲ್ಲ, ಪರಾಗ ಮಾತ್ರ. ಅದೂ ಕೇಸರದ ತುದಿಯ ಸಣ್ಣ ತೂತಿನೊಳಗೆ. ದೊಡ್ಡ ಕಪ್ಪು ದುಂಬಿ ಬಂದು ಹೂವನ್ನು ತಬ್ಬಿಕೊಂಡು ಗುರ್ರ್ ಎಂದು ಮೈ ನಡುಗಿಸುತ್ತದೆ. ಹಾರುವಾಗಿನ ಸದ್ದೇ ಬೇರೆ, ಇದೇ ಬೇರೆ. ಉಪ್ಪಿನ ಡಬ್ಬಿ ಅಲ್ಲಾಡಿಸಿದ ಹಾಗೆ ಪುಡಿ ಉದುರಿ ಹೊಟ್ಟೆಯೆಲ್ಲ ಹಳದಿ. ಚಿತ್ರದುರ್ಗದ ಜೋಗಿಮಟ್ಟಿ ಬೆಟ್ಟದ ದಾರಿಯಲ್ಲಿ ಇದನ್ನು ನೋಡುತ್ತಾ ನಿಂತು ನಾನು ಬಸ್ ತಪ್ಪಿಸಿಕೊಂಡಿದ್ದೇನೆ.

ಹಿಂದೆ ತೊಗಲು ಹದ ಮಾಡಲು ಇದರ ತೊಗಟೆ ಬೇಕಿತ್ತು. ಈಗಲೂ ದೀಪಾವಳಿಗೆ ಸಗಣಿಯಲ್ಲಿ ಮಾಡಿ ಪೂಜಿಸುವ ಹಟ್ಟೆವ್ವನಿಗೆ ಈ ಹೂ ಬೇಕು. ಆವತ್ತು ಹೊನ್ನಾವರಿಕೆ ಅಂತ ಕರೆದು, ಕಾಚಿಕಡ್ಡಿ, ಬ್ರಹ್ಮದಂಡೆ ಜೊತೆ ಕಾಸು ಕೊಟ್ಟು ತರುತ್ತೇವೆ. ಮಾರನೇ ದಿನ ಅದೇ ಗಿಡ ಕಳೆ! 2014ರಲ್ಲಿ ಹುಟ್ಟಿದ ತೆಲಂಗಾಣ ಇದನ್ನೇ ರಾಜ್ಯದ ಹೂವು ಮಾಡಿಕೊಂಡಿತು. ನಮಗೆ ಮಾತ್ರ ಬೇಲಿ ಗಿಡ. ನಮ್ಮ ಬರಗಾಲದ ಸೀಮೆಯಲ್ಲಿ ನೀರು ಕೇಳದೆ ಬೆಳೆಯುವ ಗಿಡ ಬಿಟ್ಟು, ಟ್ಯಾಂಕರ್ ನೀರು ಕುಡಿಯುವ ಹುಲ್ಲುಹಾಸು ಹಾಕಿ ‘ಪಾರ್ಕ್’ ಅಂತ ಬೋರ್ಡು ನೆಡುತ್ತೇವೆ. ಪರಿಸರ ದಿನದ ಫೋಟೋದಲ್ಲೂ ಹೊರಗಿನ ಸಸಿಯೇ ಜಾಸ್ತಿ. ನರ್ಸರಿಯವರನ್ನು ಬೈದು ಏನು ಬಂತು? ಕೇಳುವವರಿದ್ದರೆ ಅವರೂ ಇಡುತ್ತಾರೆ.

ನಿಮ್ಮ ಗಿಡದ ಕಾಯಿ ಒಣಗಿ ಕಂದು ಹಾಳೆಯಂತಾದಾಗ ಒಂದು ಹಿಡಿ ಬೀಜ ನನಗೂ ಕಳಿಸಿ. ಬಿಸಿನೀರು ಹಾಕಿ ರಾತ್ರಿ ನೆನೆಸಿ, ಮೊದಲ ಮಳೆಗೆ ನೆಲಕ್ಕೇ ಊರುತ್ತೇನೆ. ಕಿತ್ತು ನೆಟ್ಟರೆ ಅದರ ತಾಯಿಬೇರಿಗೆ ಒಗ್ಗುವುದಿಲ್ಲ. ನಮ್ಮ ಕಚೇರಿ ಮುಂದಿನ ತಂಗಡಿಯನ್ನು ಸ್ವಚ್ಛತೆಯ ಹೆಸರಲ್ಲಿ ಕಿತ್ತು ಎರಡು ವರ್ಷ ಆಯಿತು. ಕೀಳಿಸಿದ್ದು ನಾವೇ. ಆವತ್ತು ನಾನು ರಜೆಯಲ್ಲಿದ್ದೆ.

— ಸಂ.