ಮೂಗು ಓಡಿದರೆ ತಪ್ಪೇನು?

ಪ್ರಶ್ನೆ: ಏಳನೇ ತರಗತಿಯಲ್ಲಿರುವ ನನ್ನ ಮಗಳು ‘ಹರ್ ನೋಸ್ ಈಸ್ ರನ್ನಿಂಗ್’ ಎಂಬುದನ್ನು ‘ಅವಳ ಮೂಗು ಓಡುತ್ತಿದೆ’ ಎಂದು ಬರೆದಳು. ಮನೆಯವರೆಲ್ಲ ನಕ್ಕೆವು, ಅವಳು ಅತ್ತಳು. ನಿಘಂಟು ತೆರೆದರೆ ‘ರನ್’ ಪದಕ್ಕೆ ಎರಡು ಪುಟ ಅರ್ಥಗಳಿವೆ. ಅಷ್ಟನ್ನೂ ಬಾಯಿಪಾಠ ಮಾಡಿಸಬೇಕೇ?
— ಓದುಗರು, ಹಾಸನ

ಉತ್ತರ: ಖಂಡಿತ ಬೇಡ. ನಿಮ್ಮ ಮನೆಯ ನಿಘಂಟು ಎರಡು ಪುಟಕ್ಕೆ ನಿಲ್ಲಿಸಿರುವುದೇ ದೊಡ್ಡ ದಯೆ. ಆಕ್ಸ್‌ಫರ್ಡ್ ಇಂಗ್ಲಿಷ್ ನಿಘಂಟಿನ ಪರಿಷ್ಕರಣೆಯಲ್ಲಿ ಪೀಟರ್ ಗಿಲಿವರ್ ಎಂಬ ಸಂಪಾದಕರು ಈ ಒಂದು ಕ್ರಿಯಾಪದದ ಮುಂದೆ ಸುಮಾರು ಒಂಬತ್ತು ತಿಂಗಳು ಕುಳಿತು 645 ಅರ್ಥಗಳನ್ನು ವಿಂಗಡಿಸಿದರು. 1989ರ ಆವೃತ್ತಿಯಲ್ಲಿ ‘ಸೆಟ್’ ಎಂಬ ಪದ ಮುಂದಿತ್ತು. ರೈಲು, ಯಂತ್ರ, ಕಂಪ್ಯೂಟರ್ ಎಲ್ಲವೂ ‘ರನ್’ ಆಗತೊಡಗಿದ ಮೇಲೆ ಅದು ಹಿಂದೆ ಬಿತ್ತು.

ಮಗಳಿಗೆ ಇನ್ನೊಂದು ವಿಷಯ ಹೇಳಿ, ಸಮಾಧಾನವಾದೀತು. ಈ ಪದದ ಬೇರಿನಲ್ಲಿ ಓಟದ ಜೊತೆಗೆ ಹರಿವೂ ಇದೆ. ಜರ್ಮನ್ ಭಾಷೆಯಲ್ಲಿರುವ ಇದರ ದಾಯಾದಿ ‘ರಿನ್ನೆನ್’ಗೆ ಇಂದಿಗೂ ಹರಿ, ಸೋರು ಎಂದೇ ಅರ್ಥ. ನದಿ, ನಲ್ಲಿ, ಮೂಗು ಇವೆಲ್ಲ ಇಂಗ್ಲಿಷಿನಲ್ಲಿ ‘ರನ್’ ಆಗುವುದು ಆ ಹಳೆಯ ಹರಿವಿನಿಂದಲೇ. ಕನ್ನಡದಲ್ಲಿ ಮೂಗು ಸೋರುತ್ತದೆ, ಅಷ್ಟೇ ವ್ಯತ್ಯಾಸ.

ಎರಡು ಭಾಷೆಗಳ ಕಾಲು ಎಲ್ಲಿ ಜೊತೆಗೆ ಬೀಳುತ್ತದೆ, ಎಲ್ಲಿ ತಪ್ಪುತ್ತದೆ ಎಂದು ನೋಡುವುದೇ ನನಗೆ ಇಷ್ಟದ ಆಟ. ಸಿನಿಮಾ ನೂರು ದಿನ ಓಡಿತು ಎನ್ನುತ್ತೇವೆ; ಅಲ್ಲಿ ಇಂಗ್ಲಿಷೂ ಓಡುತ್ತದೆ. ಆದರೆ ಇಂಗ್ಲಿಷಿನವರು ‘ರನ್’ ಮಾಡುವ ಅಂಗಡಿಯನ್ನು ನಾವು ನಿಧಾನವಾಗಿ ‘ನಡೆಸು’ತ್ತೇವೆ. ಒಗೆದ ಬಟ್ಟೆಯ ಬಣ್ಣ ಅವರಲ್ಲಿ ಓಡುತ್ತದೆ, ನಮ್ಮಲ್ಲಿ ಬಿಡುತ್ತದೆ. ಚುನಾವಣೆಯದು ಇನ್ನೂ ತಮಾಷೆ: ಅಮೆರಿಕದ ಅಭ್ಯರ್ಥಿ ಓಡುತ್ತಾನೆ, ಬ್ರಿಟನ್ನಿನ ಅಭ್ಯರ್ಥಿ ನಿಲ್ಲುತ್ತಾನೆ, ನಮ್ಮವರೂ ನಿಲ್ಲುತ್ತಾರೆ. (ಗೆದ್ದ ಮೇಲೆ ಯಾರು ಎಲ್ಲಿಗೆ ಓಡುತ್ತಾರೆ ಎಂಬುದು ಈ ಅಂಕಣದ ವ್ಯಾಪ್ತಿಗೆ ಬರುವುದಿಲ್ಲ.)

ಹಾಗಾದರೆ ಕಲಿಯುವುದು ಹೇಗೆ? ಪದವನ್ನು ಒಂಟಿಯಾಗಿ ಕಲಿಸಬೇಡಿ, ಅದರ ಜೊತೆಗಾರರೊಂದಿಗೆ ಕಲಿಸಿ. ಮೊದಲು ಕನ್ನಡದ ‘ಹಿಡಿ’ಯನ್ನೇ ಅವಳ ಮುಂದಿಡಿ. ಕೊಡೆ ಹಿಡಿ, ಹಠ ಹಿಡಿ, ತುಕ್ಕು ಹಿಡಿ, ದಾರಿ ಹಿಡಿ. ಜಡಿಮಳೆ ಹಿಡಿಯಿತು, ಹೋಗಲು ಎರಡು ಗಂಟೆ ಹಿಡಿಯಿತು. ಚೀಲ ಹತ್ತು ಸೇರು ಹಿಡಿಯುತ್ತದೆ. ಇವನ್ನು ಅವಳಿಗೆ ಯಾರೂ ಪಟ್ಟಿ ಮಾಡಿ ಕಲಿಸಿಲ್ಲ. ತುಕ್ಕಿನ ಪಕ್ಕದಲ್ಲಿ ಬಂದಾಗ ‘ಹಿಡಿ’ ಏನು ಹೇಳುತ್ತದೆ ಎಂಬುದು ಕೇಳಿ ಕೇಳಿ ಬಂದದ್ದು. ‘ರನ್’ ಕೂಡ ಹಾಗೆಯೇ: ಜ್ವರದ ಜೊತೆ ಒಂದು, ‘ಔಟ್ ಆಫ್’ ಜೊತೆ ಸೇರಿ ಹಾಲು ಮುಗಿದಾಗ ಇನ್ನೊಂದು. ಓದುವಾಗ ಸಿಕ್ಕ ವಾಕ್ಯವನ್ನು ಇಡಿಯಾಗಿ ಒಂದು ನೋಟ್‌ಬುಕ್ಕಿನಲ್ಲಿ ಬರೆದಿಡಲಿ. ವಾರಕ್ಕೆ ಎರಡು ಮೂರು ಸಾಕು.

ಅವಳಿಗೆ ಕ್ರಿಕೆಟ್ ಇಷ್ಟವಿದ್ದರೆ ಅಲ್ಲಿಂದಲೇ ಶುರು ಮಾಡಬಹುದು. ಚೆಂಡು ಬೌಂಡರಿ ದಾಟಿದರೆ ಬ್ಯಾಟರ್ ಒಂದು ಹೆಜ್ಜೆಯೂ ಓಡದೆ ನಾಲ್ಕು ರನ್. ಇದು ಹೇಗೆ ಎಂದು ಅವಳನ್ನೇ ಕೇಳಿ. ಈ ಸಲ ನಗಬೇಡಿ.