ಕುಜ್‌ಬಾಸ್ ಗಣಿ ಊರಿನ ಸಹಕಾರಿ ಅಂಗಡಿ: ಸದಸ್ಯತ್ವ ಕಡ್ಡಾಯವಿತ್ತೇ?

ಸೈಬೀರಿಯಾದ ಕಲ್ಲಿದ್ದಲು ಪ್ರದೇಶವಾದ ಕುಜ್‌ಬಾಸ್‌ನ ಗಣಿ ಕಾರ್ಮಿಕರು ಗ್ರಾಹಕರ ಸಹಕಾರ ಸಂಘಕ್ಕೆ ಸೇರಲೇಬೇಕಿತ್ತಾ ಅಂತ ಕೇಳಿದ್ದೀರಿ. ಉತ್ತರ ವರ್ಷದ ಮೇಲೆ ನಿಂತಿದೆ ಸರ್. ಸೋವಿಯತ್ ಸರ್ಕಾರದ 1919ರ ಮಾರ್ಚ್ ಆದೇಶ ಸಂಘಗಳನ್ನು ಒಂದುಗೂಡಿಸಿ ಎಲ್ಲರನ್ನೂ ಸದಸ್ಯರನ್ನಾಗಿಸಿತು. ಸೈಬೀರಿಯಾಕ್ಕೆ ಅದು ಬಂದದ್ದು ಸೋವಿಯತ್ ವಿರೋಧಿ ನಾಯಕ ಕೋಲ್ಚಾಕ್‌ನ ಸೇನೆ ಸೋತ ಮೇಲೆ. 1923ರ ಡಿಸೆಂಬರ್ ಆದೇಶ ಸೇರುವುದನ್ನು ಅವರವರ ಇಚ್ಛೆಗೆ ಬಿಟ್ಟಿತು: ಪ್ರವೇಶ ಶುಲ್ಕ, ಜೊತೆಗೆ ಷೇರು ಹಣ. ಆಗ ಕಾಡಿದ್ದು ಬಂಡವಾಳ. ಸಂಬಳ ತಡವಾದರೆ ಹಿಟ್ಟು ಸಾಲದಲ್ಲೇ ಹೋಗಬೇಕು; ಅಂಗಡಿಯ ದುಡ್ಡು ಬಾಕಿಯಲ್ಲಿ ಸಿಕ್ಕಿಕೊಂಡರೆ ಹೊಸ ಸರಕು ತರಿಸುವುದು ಹೇಗೆ?

ನೀವು ಮುಖ್ಯವಾಗಿ ನೋಡಬೇಕಾದ್ದು 1932. ನವೆಂಬರ್ 15ರ ನಿರ್ಣಯದ ಪ್ರಕಾರ ಕಾರಣವಿಲ್ಲದೆ ಒಂದೇ ದಿನ ಗೈರಾದರೂ ಕೆಲಸ, ಪಡಿತರ ಚೀಟಿ, ಕಂಪನಿ ಮನೆ ಮೂರೂ ಹೋಗುತ್ತಿದ್ದವು. ಡಿಸೆಂಬರ್ 4ಕ್ಕೆ ದೊಡ್ಡ ಉದ್ಯಮಗಳ ಸಹಕಾರಿ ಅಂಗಡಿಗಳೇ ಆ ಉದ್ಯಮಗಳ ಆಡಳಿತದ ಕೈಸೇರಿದವು. ಅಲ್ಲಿಂದಾಚೆ ಅದನ್ನು ಸಹಕಾರ ಅನ್ನಲು ನನಗೆ ಮನಸ್ಸಿಲ್ಲ. 1935ರ ಸೆಪ್ಟೆಂಬರಿನಲ್ಲಿ ನಗರಗಳ ಗ್ರಾಹಕ ಸಂಘಗಳನ್ನು ಪೂರ್ತಿ ರದ್ದು ಮಾಡಿದರು.